ಮೂರು ಡಾಲರು ಅರವತ್ತು ಸೆಂಟು

ಡಲೂತಿನಲ್ಲಿ ಫೆಬ್ರುವರಿ. ಸರೋವರ ಹೆಪ್ಪುಗಟ್ಟಿ
ಅದಿರಿನ ಹಡಗುಗಳಿಗೆಲ್ಲ ರಜೆ.
ಅಂಗಡಿಯಲ್ಲಿ ನಾವಿಬ್ಬರೇ: ಮುದುಕ ವೆಂಡೆಲ್ ಕ್ರೌಸ್,
ಬೀರು ಒರೆಸುತ್ತ ಕಸುಬು ಕಲಿಯುತ್ತಿದ್ದ ನಾನು.

"ಓದಬೇಡ. ಮೊದಲು ಮುಟ್ಟು," ಅನ್ನುತ್ತಿದ್ದ.
ಮೊದಲ ಮುದ್ರಣಕ್ಕೊಂದು ಹುಟ್ಟುಮಚ್ಚೆ ಇರುತ್ತದಂತೆ:
ನೂರಾ ಹತ್ತೊಂಬತ್ತನೆಯ ಪುಟದಲ್ಲಿ ಉದುರಿಹೋದ ಒಂದಕ್ಷರ,
ಎರಡನೆಯ ಮುದ್ರಣಕ್ಕೆ ಯಾರೋ ಪುಣ್ಯಾತ್ಮ ತಿದ್ದಿದ್ದು.
ತಪ್ಪಿದ್ದರೆ ಎಂಟು ಸಾವಿರ,
ತಿದ್ದಿದ್ದರೆ ಎಂಬತ್ತು.
ನನಗೆ ಕೆಂಪು ಮಸಿಯಲ್ಲಿ ಸೊನ್ನೆ ಸುತ್ತುತ್ತಿದ್ದ ಟೀಚರಿಗೆ
ಇದನ್ನು ಹೇಳಬೇಕಿತ್ತು.

ಮೇಲುಹೊದಿಕೆ ಹೋದರೆ
ಐದರಲ್ಲಿ ನಾಲ್ಕು ಪಾಲು ಮಾನ ಹೋಯಿತು.
ಇನ್ನು ರುಜು. ಅದು ಬರೀ ರುಜುವಾಗಿರಬೇಕು.
'ಪ್ರೀತಿಯ ಇಂಥವರಿಗೆ' ಎಂದು ಬರೆದಿದ್ದು
ಆ ಇಂಥವರು ಯಾರೂ ಅಲ್ಲದವರಾಗಿದ್ದರೆ
ಬೆಲೆ ಇಳಿಯುತ್ತದೆ.

ಅವತ್ತು ಬಾಗಿಲು ದೂಡಿಕೊಂಡು ಬಂದವಳು ಆರ್ಡಿಸ್ ಕೊಸ್ಕಿ,
ಕೌಂಟಿಯ ರಸ್ತೆಗಳಲ್ಲಿ ಹಿಮ ಬಳಿಯುವ ಲಾರಿ ಓಡಿಸುವಾಕೆ.
ಬೂಟಿನ ಮಂಜನ್ನು ಎರಡು ಸಲ ಕೊಡವಿ
ಬ್ರೆಡ್ಡಿನ ಪ್ಲಾಸ್ಟಿಕ್ಕಿನಿಂದ ಹೊರಗೆಳೆದಳು
ಹೊದಿಕೆಯಿಲ್ಲದ, ಬೆನ್ನು ಸಡಿಲಾದ ಒಂದು ಪುಸ್ತಕ.
ಅಟ್ಟೆಯ ಮೇಲೆ ಕಾಫಿಯ ಉಂಗುರ.

ಒಳಗೆ ಹೀಗಿತ್ತು:
'ಹಿಲ್ಮಾಳಿಗೆ ಕೊಡಬೇಕಾದದ್ದು
ಮೂರು ಡಾಲರು ಅರವತ್ತು ಸೆಂಟು.
ನಾಲ್ಕು ರಾತ್ರಿ ಮೀನಿನ ಸಾರು. ಕಾಫಿಗೆ ಲೆಕ್ಕವಿಲ್ಲ.
ಹಣ ಬಂದ ಮೇಲೆ.'
ಕೆಳಗೆ ಆ ಹೆಸರು,
ಮಕ್ಕಳು ಪರೀಕ್ಷೆಗೆಂದು ಉರುಹೊಡೆಯುವಂಥದ್ದು.

ಹಣ ಬಂತು. ರಾಶಿ ರಾಶಿ ಬಂತು.
ಕಡಲ ಕಡೆ ಮುಖಮಾಡಿದ ಬಿಳೀ ಮನೆ ಬಂತು.
ಈ ದಾರಿಗೆ ಮಾತ್ರ ಅವನು ಮತ್ತೆ ಬರಲಿಲ್ಲ.

"ನಿಮ್ಮಮ್ಮ ಇದನ್ನು ಓದಿದ್ದರೆ?" ಎಂದೆ ನಾನು.
"ಫಿನ್ನಿಶ್ ಬಿಟ್ಟರೆ ಅಮ್ಮನಿಗೆ ಓದು ಬರುತ್ತಿರಲಿಲ್ಲ.
ಅಡುಗೆಮನೆ ಕಿಟಕಿ ಬಡಿಯದಂತೆ ಒತ್ತು ಕೊಟ್ಟಿದ್ದಳು."

ವೆಂಡೆಲ್ ಭೂತಗನ್ನಡಿ ಹಿಡಿದ. ಪುಟ ತಿರುವಿದ.
ಅಕ್ಷರ ಉದುರಿತ್ತು, ಸರಿಯಾದ ಜಾಗದಲ್ಲೇ.
ರುಜು ರುಜುವಾತಾಯಿತು. ಕಿವಿ ಕೆಂಪಾಗಿತ್ತು ಅವನಿಗೆ.
"ಹದಿನಾಲ್ಕು ನೂರು," ಎಂದ.

ಆರ್ಡಿಸ್ ಕೈಗವುಸು ಕಳಚಿದಳು.
"ಮಾರಿದರೆ ಅಮ್ಮನ ಬಾಕಿ ತೀರಿದ ಹಾಗೋ,
ಇಲ್ಲ, ಕೊಂಡವನು ಅದನ್ನೂ ಕೊಂಡ ಹಾಗೋ?"

ಐವತ್ತು ವರ್ಷದ ವ್ಯಾಪಾರಕ್ಕೆ ಉತ್ತರ ಗೊತ್ತಿರಲಿಲ್ಲ.
ಕೊನೆಗೆ ಗಲ್ಲಾ ಪೆಟ್ಟಿಗೆ ಎಳೆದು
ಮೂರು ನೋಟು, ಎರಡು ಕ್ವಾರ್ಟರು, ಒಂದು ಡೈಮು
ಒಂದೊಂದಾಗಿ ಮೇಜಿನ ಮೇಲಿಟ್ಟ.
ಅವಳು ಎಣಿಸಿದಳು. ಜೇಬಿಗೆ ಹಾಕಿದಳು.
ಆಮೇಲೆ, ನಾವು ಕೈ ಚಾಚುವಷ್ಟರಲ್ಲಿ,
ಬ್ಯಾಂಕಿನವರು ಪುಕ್ಕಟೆ ಹಂಚುವ ನೀಲಿ ಪೆನ್ನಿನಿಂದ
ಆ ರುಜುವಿನ ಕೆಳಗೆ, ಒತ್ತಿ ಒತ್ತಿ ಬರೆದಳು:
'ಸಂದಾಯವಾಗಿದೆ. ಹಿಲ್ಮಾಳ ಪರವಾಗಿ, ಆರ್ಡಿಸ್.'

ವೆಂಡೆಲ್ ಬಾಯಿಂದ ಬಂದದ್ದು ಮಾತಲ್ಲ,
ಬಿಸಿ ನೀರು ಬಿದ್ದ ಬೆಕ್ಕಿನ ಸದ್ದು.

"ಈಗೆಷ್ಟು?" ಕೇಳಿದಳು.
ಅವನು ತುಂಬ ಹೊತ್ತು ಹಿಮವನ್ನೇ ನೋಡಿ
ಹದಿನಾಲ್ಕು ನೂರನ್ನೇ ಎಣಿಸಿ ಕೊಟ್ಟ.
ಯಾಕೆಂದು ನಾನು ಕೇಳಲಿಲ್ಲ. ಸಾಯುವ ತನಕ ಅವನೂ ಹೇಳಲಿಲ್ಲ.

ಪುಸ್ತಕ ಇನ್ನೂ ಇಲ್ಲೇ ಇದೆ.
ಪಟ್ಟಿಯಲ್ಲಿ ನಾನೇ ಬರೆದಿದ್ದೇನೆ: 'ಬೇರೊಂದು ಕೈಯ ಬರಹವಿದೆ.'
ಬಂದವರು ಮೂಸಿ ನೋಡಿ ಕೆಳಗಿಡುತ್ತಾರೆ.

ಮೊನ್ನೆ ಗಿರಾಕಿಯಿಲ್ಲದ ಮಧ್ಯಾಹ್ನ
ಗುರುವಿನ ಮಾತು ಮೀರಿ ಓದಿದೆ.
ಏಳನೆಯ ಅಧ್ಯಾಯ, ಬಂದರಿನ ಹೋಟೆಲು.
ಒಬ್ಬಳು ಬಂದು ಕಾಫಿ ಸುರಿಯುತ್ತಾಳೆ,
ಕೇಳದೆಯೇ ಇನ್ನೊಮ್ಮೆ ಸುರಿಯುತ್ತಾಳೆ,
ಎರಡೇ ಸಾಲಿನಲ್ಲಿ ಒಳಗೆ ಹೋಗಿಬಿಡುತ್ತಾಳೆ.
ಹೆಸರಿಲ್ಲ.

ಪೆನ್ಸಿಲ್ಲು ಕೈಗೆತ್ತಿಕೊಂಡೆ.
ಕೆಳಗಿಟ್ಟೆ.
ಹೊರಗೆ ರಸ್ತೆಯ ತಿರುವಿನಲ್ಲಿ
ಹಿಮ ಬಳಿಯುವ ಲಾರಿಯ ಹಳದಿ ದೀಪ.