ಉಣ್ಣೆಯಂಗಡಿಯ ಮಾಳಿಗೆ

ಹನ್ನೊಂದು ವರ್ಷ ಮೀನು ಸಾಗಿಸಿದ್ದೇನೆ
ಕ್ಲಾಕ್ಸ್‌ವೀಕಿನ ಧಕ್ಕೆಯಿಂದ, ಕಡಲಡಿಯ ಸುರಂಗದಲ್ಲಿ.
ತಲೆಯ ಮೇಲೆ ಸಮುದ್ರವಿದೆಯೆಂದು
ಒಮ್ಮೆಯೂ ಅನ್ನಿಸಿರಲಿಲ್ಲ.

ಫೆಬ್ರವರಿಯ ಒಂದು ಮಂಗಳವಾರ ಅನ್ನಿಸಿತು.

ಅಷ್ಟೇ. ಇನ್ನೇನೂ ಆಗಲಿಲ್ಲ.
ನೀರು ಸೋರಲಿಲ್ಲ, ದೀಪ ಆರಲಿಲ್ಲ,
ರೇಡಿಯೋದಲ್ಲಿ ಯಾರೋ ಗಾಳಿಯ ವೇಗ ಓದುತ್ತಿದ್ದರು.
ನನ್ನೆದೆ ಮಾತ್ರ, ಮುಚ್ಚಿದ ಡಬ್ಬಿಯಲ್ಲಿ
ನಾಲ್ಕು ಕಾಳು ಹಾಕಿ ಕುಲುಕಿದ ಹಾಗೆ.
ಲಾರಿ ನಿಲ್ಲಿಸಿದೆ. ಹಿಂದಿನವರು ಹಾರ್ನ್ ಹೊಡೆಯಲಿಲ್ಲ.
ಇಲ್ಲಿ ಎಲ್ಲರಿಗೂ ಎಲ್ಲರ ಲಾರಿ ಗೊತ್ತು,
ಅದಕ್ಕೇ ಹೆಚ್ಚು ನಾಚಿಕೆ.

ಡಾಕ್ಟರು ಚೀಟಿ ಬರೆದರು:
ತೋರ್ಸ್‌ಹಾವ್ನಿನಲ್ಲಿ ಒಬ್ಬರಿದ್ದಾರೆ, ಬಲ್ಲವರು.
ಹೋಗೋದು ಹೇಗೆ, ಅಂದೆ.
ಸುರಂಗದಲ್ಲಿ, ಅಂದವರು
ಪೆನ್ನು ಕೆಳಗಿಟ್ಟರು.
ಇಬ್ಬರೂ ನಕ್ಕೆವು. ನನ್ನ ನಗು ಮೊದಲು ನಿಂತಿತು.

ಈ ದಡದಲ್ಲೇ ಹುಡುಕಿದೆ.
ಒಬ್ಬರ ಫೋನಿನಲ್ಲಿ ಯಂತ್ರ ಹೇಳಿತು,
ಹೆರಿಗೆ ರಜೆ, ಸೆಪ್ಟೆಂಬರಿನಲ್ಲಿ ಮಾಡಿ.
(ಅಲ್ಲಿಯವರೆಗೆ ಹೆದರಿಕೆಗೂ ರಜೆ ಕೊಡಲೇ?)
ಇನ್ನೊಬ್ಬರದು ಡೇನಿಶ್ ಮಾತ್ರ.
ಡೇನಿಶ್ ನನಗೆ ಚೆನ್ನಾಗೇ ಬರುತ್ತದೆ
ಫಾರಂ ತುಂಬಲು, ತೆರಿಗೆ ಕಟ್ಟಲು;
ಹೆದರಲು ಬರುವುದು ಅವ್ವನ ಮಾತಿನಲ್ಲಿ ಮಾತ್ರ.
ಮೂರನೆಯವಳು ನನ್ನ ತಮ್ಮನನ್ನು ಬಿಟ್ಟುಹೋದವಳು.
ಆ ನಂಬರನ್ನು ಎರಡು ಸಲ ಒತ್ತಿ, ಎರಡು ಸಲವೂ ಅಳಿಸಿದೆ.

ಕೊನೆಗೆ ಸಿಕ್ಕವಳು ನಮ್ಮ ಬೀದಿಯಲ್ಲೇ, ಸುನ್ವಾ.
ಅವಳಪ್ಪನೂ ನಾನೂ ಒಂದೇ ದೋಣಿಗೆ ಹುಟ್ಟು ಹಾಕಿದವರು.
ಬೈಂತಾಳ ಉಣ್ಣೆಯಂಗಡಿಯ ಮಾಳಿಗೆಯಲ್ಲಿ ಎರಡು ಕುರ್ಚಿ,
ಕಟಕಟ ಅನ್ನುವ ಒಂದು ಹೀಟರು.
ಮೆಟ್ಟಿಲು ಅಂಗಡಿಯೊಳಗಿಂದಲೇ,
ಅಂಗಡಿಯ ಗಾಜು ಬೀದಿಗೆ.
ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ?

ಅದಕ್ಕೇ ಇಳಿಯುವಾಗೆಲ್ಲ
ಒಂದು ಲಡಿ ಬೂದು ಉಣ್ಣೆ ಕೊಂಡೆ.

ಮೇಲೆ ಅವಳು ಕೇಳುತ್ತಿದ್ದುದು ಇಷ್ಟೇ:
ಈಗ ಎಲ್ಲಿದೆ ಅದು?
ಗಂಟಲು ತೋರಿಸುತ್ತಿದ್ದೆ.
ಇರಲಿ ಬಿಡಿ, ಅನ್ನುತ್ತಿದ್ದಳು,
ಮನೆಗೆ ಬಂದ ದೂರದ ನೆಂಟನಿಗೆ ಜಾಗ ಕೊಟ್ಟ ಹಾಗೆ.
ಒಂದು ಗುರುವಾರ ಅದು ಎದೆಗಿಳಿಯಿತು,
ಮತ್ತೊಂದು ಗುರುವಾರ ಪುನಃ ಗಂಟಲಿಗೇ ಹತ್ತಿತು.
ಒಮ್ಮೆ ಗಂಟೆಯಿಡೀ ಬರೀ ಹೀಟರು ಮಾತಾಡಿತು.
ಅದಕ್ಕೂ ದುಡ್ಡು ಕೊಟ್ಟೆ.

ಏಳನೆಯ ಲಡಿಗೆ ರಾಗ್ನಾ ಕೇಳಿದಳು,
ಯಾರಿಗೆ ಸ್ವೆಟರು?
ನನಗೇ, ಅಂದೆ.
ನಿನಗೆ ಹೆಣೆಯೋಕೆ ಬರುತ್ತಾ?

ಉತ್ತರಕ್ಕೆ ಕಾಯಲಿಲ್ಲ. ಎದುರು ಕೂತಳು.
ಕೈ ಚಾಚು, ಅಂದಳು.
ನನ್ನೆರಡು ಮುಂಗೈಗೆ ಲಡಿ ತೊಡಿಸಿ
ಉಂಡೆ ಸುತ್ತತೊಡಗಿದಳು.
ಕೈ ಕಟ್ಟಿದವನು ಎಲ್ಲಿಗೆ ಏಳಲಿ?
ನೂಲು ಎಡಕ್ಕೆ ಹೋಗಿ ಬಲಕ್ಕೆ ಬರುತ್ತಿತ್ತು,
ನಡುವೆ ಸಿಕ್ಕು ಬಂದರೆ ಎಳೆಯುತ್ತಿರಲಿಲ್ಲ,
ಉಗುರಿನಿಂದ ಬಿಡಿಸುತ್ತಿದ್ದಳು.
ಹೇಳಿದೆ. ಸುರಂಗ, ಕಾಳಿನ ಡಬ್ಬಿ, ಮಾಳಿಗೆ.
ಎಲ್ಲ ಕೇಳಿ, ಕೈ ಸ್ವಲ್ಪ ಮೇಲೆತ್ತು, ಅಂದಳು,
ಸಡಿಲ ಬಿಟ್ಟಿದ್ದೀಯ.

ಮೊನ್ನೆ ಸುರಂಗಕ್ಕೆ ಹೋಗಿದ್ದೆ, ಖಾಲಿ ಲಾರಿಯಲ್ಲಿ.
ಮೊದಲ ತಂಗುಗಂಡಿಯವರೆಗೆ.
ತಿರುಗಿಸಿಕೊಂಡು ಬಂದೆ. ಅಷ್ಟೇ ಆಗಿದ್ದು.

ಪೆಟ್ರೋಲ್ ಬಂಕಿನಲ್ಲಿ ಯಾಲ್ಗ್ರಿಮ್ ನಿಂತಿದ್ದ,
ಮೂವತ್ತು ವರ್ಷ ಉತ್ತರದ ಕಡಲಲ್ಲಿ ಹಡಗು ನಡೆಸಿದವನು,
ಬಿರುಗಾಳಿಗೆ ಟೋಪಿ ಕೂಡ ತೆಗೆಯದವನು.
ಕಂಕುಳಲ್ಲಿ ಬೈಂತಾಳ ಅಂಗಡಿಯ ಕಾಗದದ ಚೀಲ.
ನಾನು ಚೀಲ ನೋಡಿದ್ದನ್ನು ಅವನು ನೋಡಿದ.
ಗಾಳಿ ಒಂದು ಸುತ್ತು ಹಾಕಿ ಬಂತು.

ಯಾವ ಬಣ್ಣ? ಅಂದೆ.
ಬೂದು, ಅಂದ. ನಿನ್ನದು?