ಒಂಬತ್ತನೆಯ ಅಂಕೆ

ಹಾಮರ್‌ಫೆಸ್ಟ್‌ನಲ್ಲಿ ಸೂರ್ಯ ರಜೆಯ ಮೇಲಿದ್ದ ತಿಂಗಳು.
ಬೆಳಗಿನ ಎಂಟಕ್ಕೂ ಬಂದರಿನ ದೀಪಗಳದೇ ಹಗಲು.
ಬೂಟಿನ ಹಿಮ ಕೊಡವಿ ಒಳಬಂದ ಆಸ್ಲಾಕ್,
ಕ್ರೇನ್ ನಡೆಸುವವನು, ನಲವತ್ತೊಂದು ವರ್ಷ,
ತೋಳು ಚಾಚುವ ಮೊದಲೇ ಹೇಳಿದ:
"ಗುನ್ವರ್, ನನ್ನ ನಂಬರು ಬದಲಾಗಿದೆ."

ನಮ್ಮ ನಾರ್ವೆಯಲ್ಲಿ ಮನುಷ್ಯನಿಗೆ ಹನ್ನೊಂದು ಅಂಕೆ.
ಹುಟ್ಟಿದ ದಿನಕ್ಕೆ ಆರು, ಉಳಿದದ್ದು ಸರಕಾರದ ಲೆಕ್ಕ.
ಅದರಲ್ಲಿ ಒಂಬತ್ತನೆಯದು
ಹೆಣ್ಣಾದರೆ ಸರಿ, ಗಂಡಾದರೆ ಬೆಸ.
ಅವನದು ನಲವತ್ತು ವರ್ಷ ಸರಿ ಇತ್ತು,
ಸರಿ ಇರಲಿಲ್ಲ.
ಈಗ ಬೆಸವಾಗಿದೆ,
ಸರಿಯಾಗಿದೆ.

ಸಣ್ಣವರಿದ್ದಾಗ ನಾವು ಕಾಡ್ ಮೀನಿನ ನಾಲಗೆ ಕೊಯ್ದು
ಕಿಲೋಗೆ ಇಷ್ಟೆಂದು ಮಾರುತ್ತಿದ್ದೆವು.
ಗಿರಾಕಿ ಬರುವ ತನಕ
ಮೀನಿನ ಕಿವಿಯ ಬಿಳಿ ಹರಳುಗಳನ್ನು ಮುಷ್ಟಿಯಲ್ಲಿ ಮುಚ್ಚಿ
ಸರಿಯೋ ಬೆಸವೋ ಎಂದು ಕೇಳುವ ಆಟ.
ಸೋತವರು ನಾಲಗೆಯ ಬಕೆಟ್ಟು ಹೊರಬೇಕು.
ಹರಳಿಗೆ ಮಾತ್ರ ಇದಾವುದರ ಗೊಡವೆಯೂ ಇರಲಿಲ್ಲ.

ಸೂಜಿ ಚುಚ್ಚಿದೆ. ಎರಡು ಟ್ಯೂಬು.
ಮಾಮೂಲಿ ರಕ್ತ, ಮಾಮೂಲಿ ಬಣ್ಣ.
ಹಿಮೋಗ್ಲೋಬಿನ್ ಹದಿನಾರು ಪಾಯಿಂಟ್ ಒಂದು.
ಹೋದ ವರ್ಷ ಇದೇ ಹದಿನಾರಕ್ಕೆ ಯಂತ್ರ ಕೆಂಪು ಬಾಣ ಬಿಟ್ಟಿತ್ತು,
ಅವನನ್ನು ಕಂಡೇ ಇರದ ಡಾಕ್ಟರೊಬ್ಬರು ಗಾಬರಿಬಿದ್ದು
ರಾತ್ರಿ ಫೋನು ಮಾಡಿದ್ದರು.
ಈ ವರ್ಷ ಬಾಣ ಬತ್ತಳಿಕೆ ಸೇರಿದೆ.
ಅದೇ ತೋಳು, ಅದೇ ನರ, ಅದೇ ಹಾರ್ಮೋನು.
"ಹಾಗಾದರೆ ಗುಣವಾಯಿತಾ?" ಅಂದ.
ಇಬ್ಬರೂ ನಕ್ಕೆವು.

ಆಮೇಲೆ ನಗು ಬರಲಿಲ್ಲ.
ಹಳೆಯ ಫಲಿತಾಂಶ ಎಂಬಲ್ಲಿ ಒತ್ತಿದರೆ: ಇಲ್ಲ.
ಹದಿನಾಲ್ಕು ವರ್ಷ ನಾನೇ ತೆಗೆದ ರಕ್ತ,
ಅಪ್ಪ ಸತ್ತ ಚಳಿಗಾಲ ಇಳಿದುಹೋದ ಕಬ್ಬಿಣದಂಶ,
ಹಗ್ಗ ಕಡಿದು ಮಣಿಕಟ್ಟು ಮುರಿದಾಗಿನದು, ಥೈರಾಯ್ಡು,
ಎಲ್ಲ ಸರಿ ಅಂಕೆಯ ಆಚೆ ದಡದಲ್ಲಿ.
ಈಚೆ ದಡದಲ್ಲಿ
ಇವತ್ತೇ ಹುಟ್ಟಿದ, ಗಡ್ಡ ಬಂದ ಮಗು.

ಗುರುವಾರ ಟ್ರೊಮ್ಸೊದಿಂದ ಒಂದು ಬುಡ್ಡಿ ವಾಪಸು ಬಂತು,
ಅವನ ಗರ್ಭಕಂಠದ ಮಾದರಿ.
ಅದನ್ನು ಕೊಡಲು ಅವನು
ಎರಡು ಸಲ ಕ್ಲಿನಿಕ್ಕಿನ ಬಾಗಿಲ ತನಕ ಬಂದು ತಿರುಗಿದ್ದ.
ಮೂರನೆಯ ಸಲ ಹಲ್ಲು ಕಚ್ಚಿ
ಚಾವಣಿಯ ತೂತು ಎಣಿಸುತ್ತ ಮಲಗಿದ್ದ.
ಬುಡ್ಡಿಗೆ ಅಂಟಿದ ಚೀಟಿ:
ನಂಬರು ಗಂಡಿನದು. ಪರೀಕ್ಷೆ ಹೊಂದುವುದಿಲ್ಲ. ತಿರಸ್ಕೃತ.

ಫೋನು ಹಚ್ಚಿದೆ. ಎಳೆಯ ದನಿ.
"ಸಿಸ್ಟಮ್ಮು ಒಪ್ಪುತ್ತಿಲ್ಲ ಮೇಡಂ."
"ಮೈಯೇ ಒಪ್ಪಿಕೊಂಡಿದೆ, ನಿನ್ನ ಸಿಸ್ಟಮ್ಮಿನದೇನು?"
"ಯಾವ ಕಾಲಮ್ಮಿಗೆ ಹಾಕಲಿ?"
ಇಪ್ಪತ್ತಾರು ವರ್ಷದ ಕೆಲಸ, ನನಗೂ ಗೊತ್ತಿರಲಿಲ್ಲ.
"ಕಾಲಮ್ಮು ಬಿಡು. ಗಾಜಿಗೆ ಹಚ್ಚು, ಕಣ್ಣಿಟ್ಟು ನೋಡು.
ಜೀವಕೋಶ ಕೆಟ್ಟಿದೆಯೋ ಇಲ್ಲವೋ,
ನೀನು ಓದಿದ್ದು ಅದನ್ನಲ್ಲವೇ?"

ಷರಾ ಎಂಬ ಖಾಲಿ ಜಾಗದಲ್ಲಿ ಕೈಯಾರೆ ಬರೆಯತೊಡಗಿದೆ:
ಈತನಿಗೆ ಗರ್ಭಕಂಠ ಇದೆ.
ಹೊಸ ನಂಬರು ಇದು. ಹಳೆಯ ನಂಬರು...
ಅಲ್ಲಿ ಪೆನ್ನು ನಿಂತಿತು.
ಅವನು ಈಜಿ ದಾಟಿದ ನೀರಿಗೆ
ಸೇತುವೆ ಕಟ್ಟಲು ನಾನು ಯಾರು, ಕೇಳದೆ?

ಕೇಳಿದೆ. ಕ್ರೇನಿನ ಗೂಡಿನಿಂದ, ಗಾಳಿಯ ನಡುವೆ,
ತುಸು ಹೊತ್ತು ಉಸಿರಷ್ಟೇ.
ಆಮೇಲೆ ಅಂದ:
"ಬೆಸೆದುಬಿಡು.
ಅಂಕೆ ಮಾತ್ರ. ಹಳೆಯ ಹೆಸರು ಬೇಡ."

ಮಧ್ಯಾಹ್ನದ ವಿಮಾನಕ್ಕೆ ಬುಡ್ಡಿ ಮತ್ತೆ ಹೋಯಿತು.
ಇವತ್ತಿಗೆ ಹನ್ನೊಂದು ದಿನ.
ದಿನವೂ ಬಂದು ಕೋಟು ಬಿಚ್ಚುವ ಮೊದಲು ತೆರೆ ನೋಡುತ್ತೇನೆ.
ಕಾಫಿ ಆರುತ್ತದೆ.
ಟ್ರೊಮ್ಸೊದಲ್ಲಿ ಯಾರೋ ಇನ್ನೂ
ಮುಷ್ಟಿ ಬಿಚ್ಚಿಲ್ಲ.