ಸಂಕ ದಾಟಿದ ಮೇಲೆ

ಬೈಕಂಪಾಡಿಯಿಂದ ಹೊರಡುವಾಗ ಎಲ್ಲ ಸರಿಯೇ.
ಚೋಕ್ ಎಳೆದರೆ ಕೆಮ್ಮಿ, ಒತ್ತಿದರೆ ಸುಧಾರಿಸಿಕೊಂಡು
ನಮ್ಮ ಪೆಟ್ರೋಲ್ ಫಾರ್ಗೋ ಮರ್ಯಾದಸ್ತ ಮುದುಕನಂತೆ ನಡೆಯುತ್ತಿತ್ತು,
ಬೆನ್ನಿಗೆ ನಲವತ್ತು ಬ್ಲಾಕ್ ಐಸು, ಉಮಿ, ಗೋಣಿ,
ಗೋಣಿಯ ಮೇಲೆ ಕ್ಲೀನರ್ ನಾನು.
ಕೂಳೂರು ಸಂಕ ದಾಟಿ ಕೊಟ್ಟಾರ ಕಾಣುವಷ್ಟರಲ್ಲಿ
ಒಂದು ಬಿಕ್ಕಳಿಕೆ. ಇನ್ನೊಂದು.
ಆಮೇಲೆ ಟಯರಿನ ಸದ್ದು ಮಾತ್ರ.

ದೇಜಪ್ಪಣ್ಣ ಸ್ಟೇರಿಂಗಿಗೆ ಹಣೆಯೊರಗಿಸಿ
ತುಳುವಿನಲ್ಲಿ ಹೇಳಿದ್ದನ್ನು ಇಲ್ಲಿ ಬರೆಯಲಾಗದು.

ಕಾಲು ಗಂಟೆ ಬಿಟ್ಟರೆ ತಾನೇ ಹೊರಡುತ್ತದೆ,
ಅದೇ ತಾಪತ್ರಯ.
ಸತ್ತೇಹೋದ ಎಂಜಿನ್ನಿಗೆ ಮದ್ದುಂಟು,
ಡಾಕ್ಟರು ಬರುವಾಗ ಎದ್ದು ಕೂತು ಗಂಜಿ ಕೇಳುವ ರೋಗಿಗೆ
ಎಂತ ಮಾಡುವುದು?

ಬಂದರಿನಿಂದ ಇದಿನಬ್ಬ ಬ್ಯಾರಿ ಬಂದರು ಸೈಕಲ್ಲಿನಲ್ಲಿ.
ಪಾಯಿಂಟಿಗೆ ಮರಳುಕಾಗದ ಉಜ್ಜಿದರು,
ಪ್ಲಗ್ಗು ಬಿಚ್ಚಿ ಮೂಸಿದರು,
ಕಾರ್ಬುರೇಟರನ್ನು ಏಡಿ ಸುಲಿದ ಹಾಗೆ ಪೇಪರಿನ ಮೇಲೆ ಹರಡಿ
ಜೆಟ್ಟಿಗೆ ಬಾಯಿಟ್ಟು ಊದಿದರು,
ಫ್ಲೋಟನ್ನು ಕಿವಿಯ ಹತ್ತಿರ ಕುಲುಕಿ
ಹೊಟ್ಟೆಯೊಳಗೆ ಪೆಟ್ರೋಲು ಸೇರಿದೆಯೋ ಎಂದು ಆಲಿಸಿದರು.
ಸೇರಿರಲಿಲ್ಲ.
ಮರುದಿನ ಅದೇ ಕೊಟ್ಟಾರ.

ಪೈಪಿನೊಳಗೆ ಪೆಟ್ರೋಲು ಕಾದು ಆವಿಯಾಗುತ್ತದೆ ಅಂದರು.
ತಂಪಿಗೆ ನಮ್ಮಲ್ಲಿ ಬರವೇ?
ಬ್ಲಾಕಿನ ಮೂಲೆ ಒಡೆದು ಬೈರಾಸಿನಲ್ಲಿ ಸುತ್ತಿ
ಜ್ವರದ ಮಗುವಿಗೆ ಹಣೆಪಟ್ಟಿ ಹಾಕುವಂತೆ ಪಂಪಿಗೆ ಕಟ್ಟಿದೆವು.
ಐಸು ಕರಗಿತು. ಎಂಜಿನ್ನೂ ನಿಂತಿತು.
ದಕ್ಕೆಯಲ್ಲಿ ಬೂತಾಯಿಯ ರಾಶಿಯ ಎದುರು
ಬೋಟಿನ ವಾಸು ಪುತ್ರನ್ ಕೇಳಿದ:
“ಐಸಿಗೆ ಹೇಳಿದ್ದೆ, ನೀರು ಯಾಕೆ ತಂದಿರಿ?”

ಐದನೆಯ ದಿನ ಸ್ಪಾನರ್ ಹಿಡಿಯದೆ
ಇದಿನಬ್ಬ ಮುಂದಿನ ಸೀಟಿನಲ್ಲಿ ಸುಮ್ಮನೆ ಕೂತರು.
ನಿಂತಿತು. ಇಳಿದರು. ಬೌಲು ಬಿಚ್ಚಿದರು.
“ಇಲ್ಲಿ ಖಾಲಿ. ಟ್ಯಾಂಕು ಕುತ್ತಿಗೆವರೆಗೆ ತುಂಬಿದೆ.
ನಡುವೆ ಯಾವನೋ ಇದ್ದಾನೆ.”
ಪೈಪಿನ ಗುಂಟ ಬೆರಳೆಳೆಯುತ್ತ ಹಿಂದಕ್ಕೆ ನಡೆದು
ಟ್ಯಾಂಕಿನ ಮುಚ್ಚಳ ತಿರುಗಿಸಿದರು.

ಉಸ್ಸ್!
ಕೆರೆಯಲ್ಲಿ ಮುಳುಗಿ ಎದ್ದವನ ಮೊದಲ ಉಸಿರು.

“ಗಾಳಿ ಒಳಗೆ ಹೋಗದೆ ಪೆಟ್ರೋಲು ಹೊರಗೆ ಹೇಗೆ ಬರುತ್ತದೆ ದೇಜಪ್ಪ?”
ಮುಚ್ಚಳವನ್ನು ಬಿಸಿಲಿಗೆ ಹಿಡಿದರು.
ಸಾಸಿವೆಯಷ್ಟು ತೂತು ಇರಬೇಕಾದಲ್ಲಿ
ಕೆಂಪು ಬಣ್ಣ, ದಪ್ಪಕ್ಕೆ, ಎರಡು ಕೋಟು.

ಆಯುಧಪೂಜೆಯ ಹಿಂದಿನ ರಾತ್ರಿ
ಡಬ್ಬಿಯ ತಳದಲ್ಲಿ ಮಿಕ್ಕಿದ್ದನ್ನು ಬಳಿದವನು ನಾನು.
ಯಾರೂ ಹೇಳಿರಲಿಲ್ಲ,
ಗಾಡಿ ಚಂದ ಕಾಣಲಿ ಅಂತ ಅಷ್ಟೆ.
ನನ್ನ ಚಡ್ಡಿಯ ಅಂಚಿನಲ್ಲಿ ಇನ್ನೂ ಅದೇ ಕೆಂಪು.
ಇದಿನಬ್ಬ ಮುಚ್ಚಳ ನೋಡಿದರು, ಚಡ್ಡಿ ನೋಡಿದರು,
ಟೊಪ್ಪಿಯ ಮಡಿಕೆಯಿಂದ ಗುಂಡುಸೂಜಿ ತೆಗೆದು ಚುಚ್ಚಿದರು.
“ಕಸ ಸಿಕ್ಕಿತ್ತು” ಅಂದರು ದೇಜಪ್ಪಣ್ಣನಿಗೆ.

ಆ ದಿನ ಮೂವತ್ತೆಂಟು ಬ್ಲಾಕು ಗಟ್ಟಿಯಾಗಿಯೇ ದಕ್ಕೆ ಮುಟ್ಟಿತು.
ಚಾ ಕುಡಿದು ಗ್ಲಾಸು ಕೆಳಗಿಡುತ್ತ
ನನಗೊಬ್ಬನಿಗೇ ಕೇಳುವಷ್ಟು ಸ್ವರದಲ್ಲಿ:
“ಕೈ ಒಳ್ಳೆಯದುಂಟು ಮಾರಾಯ,
ಇನ್ನು ಮಡ್‌ಗಾರ್ಡಿಗೆ ಬಳಿ.”